ಹತ್ತದೆ ದಾಟಿದ ಬೆಟ್ಟ

ಸಾಲಗಳಲ್ಲಿ ಹಲವು ಬಗೆಗಳುಂಟು. ಹಣದ ಸಾಲಕ್ಕೆ ಪತ್ರವಿರುತ್ತದೆ. ತೀರಿಸಿದ ದಿನ ಪತ್ರವನ್ನು ಹರಿದುಹಾಕಿ ನೆಮ್ಮದಿಯಿಂದ ನಿದ್ರಿಸಬಹುದು. ಅಧ್ಯಾಪಕನಾದವನ ಹೆಗಲ ಮೇಲೆ ಮತ್ತೊಂದು ಬಗೆಯ ಸಾಲವಿರುತ್ತದೆ. ಅದು ಉತ್ತರ ಹೇಳದೆ ಬಿಟ್ಟ ಪ್ರಶ್ನೆಯ ಸಾಲ. ಅದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ, ಕೇಳಲು ಬರುವವರೂ ಇಲ್ಲ. ಆದರೂ ಬಡ್ಡಿ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಅಂತಹ ಒಂದು ಸಾಲವನ್ನು ಹೊತ್ತು ನಾನು ಸುಮಾರು ನಾಲ್ಕು ದಶಕಗಳನ್ನು ಕಳೆದೆ. ಅದು ತೀರಿದ ಬಗೆಯನ್ನು ಓದುಗ ಬಂಧುಗಳಲ್ಲಿ ಹೇಳಿಕೊಳ್ಳುವುದು ಈ ಬರಹದ ಉದ್ದೇಶ.

ನಾನು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನವನು. ಮಳೆಯನ್ನೇ ನಂಬಿ ರಾಗಿ, ಹುರುಳಿ ಬೆಳೆಯುವ ಸೀಮೆ ನಮ್ಮದು. ನಮ್ಮದೇ ಸೀಮೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವ ಕೆಲಸ ನನಗೆ ದೊರೆತಿತ್ತು. ಪಾಠ ಚೆನ್ನಾಗಿ ಮಾಡುತ್ತೇನೆಂಬ ಹೆಸರಿತ್ತು. ಆ ಹೆಸರಿನ ಹೆಮ್ಮೆಯೂ ಇತ್ತು.

1984ರ ಒಂದು ಮಧ್ಯಾಹ್ನ ವಿಕಿರಣಶೀಲತೆಯ ಪಾಠ ನಡೆದಿತ್ತು. ಯುರೇನಿಯಂ, ಥೋರಿಯಂ ಮೊದಲಾದ ಭಾರವಾದ ಧಾತುಗಳ ಪರಮಾಣುವಿನ ನಡುವೆ ಇರುವ ಬೀಜವು ತಾನಾಗಿಯೇ ಒಡೆದು ಆಲ್ಫಾ ಕಣವನ್ನು ಹೊರಗೆ ಕಳುಹಿಸುತ್ತದೆ. ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳು ಗಟ್ಟಿಯಾಗಿ ಕೂಡಿಕೊಂಡಿರುವ ಗುಂಪೇ ಆಲ್ಫಾ ಕಣ. ಬೀಜದ ಒಳಗೆ ಅದನ್ನು ಹಿಡಿದಿಡುವ ಬಲ ಬಹು ಪ್ರಬಲವಾದುದು; ಆದರೆ ಬೀಜದ ಅಂಚು ದಾಟಿದರೆ ಆ ಬಲ ಇಲ್ಲವಾಗುತ್ತದೆ. ಅಲ್ಲಿಂದಾಚೆಗೆ ವಿದ್ಯುತ್ತಿನ ವಿಕರ್ಷಣೆಯದೇ ಆಳ್ವಿಕೆ. ಈ ಎರಡು ಬಲಗಳನ್ನು ಕೂಡಿಸಿ ಚಿತ್ರ ಬರೆದರೆ ನಡುವೆ ಒಂದು ಹೊಂಡ, ಸುತ್ತಲೂ ಅದನ್ನು ಬಳಸಿದ ಬೆಟ್ಟ ಕಾಣುತ್ತದೆ. ಕಣವು ಹೊಂಡದಲ್ಲಿದೆ, ಹೊರಗೆ ಬರಬೇಕಾದರೆ ಬೆಟ್ಟವನ್ನು ದಾಟಬೇಕು.

ನಾನು ಕರಿಹಲಗೆಯ ಮೇಲೆ ಆ ಚಿತ್ರ ಬರೆದೆ. ಬೀಜದ ಲೋಕದಲ್ಲಿ ಶಕ್ತಿಯನ್ನು ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಿಂದ ಅಳೆಯುತ್ತಾರೆ. ಇಲ್ಲಿ ಸುಲಭಕ್ಕಾಗಿ 'ಮಾನ' ಎಂದಷ್ಟೇ ಕರೆಯೋಣ. ಯುರೇನಿಯಂ ಬೀಜವನ್ನು ಬಳಸಿದ ಬೆಟ್ಟದ ಎತ್ತರ ಸುಮಾರು 28 ಮಾನ. ಹೊರಗೆ ಬಂದ ಆಲ್ಫಾ ಕಣದ ಶಕ್ತಿ ಸುಮಾರು 4 ಮಾನ. ಎರಡೂ ಸಂಖ್ಯೆಗಳನ್ನು ಬರೆದು, ಒಳಗಿನ ಗಲಾಟೆಯಲ್ಲಿ ಕಣಕ್ಕೆ ಸಾಕಷ್ಟು ಶಕ್ತಿ ದೊರೆತಾಗ ಅದು ಬೆಟ್ಟ ಹಾರಿ ಹೊರಬರುತ್ತದೆ ಎಂದು ಹೇಳಿ ಮುಂದಕ್ಕೆ ಹೊರಟೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಮದುವೆ ಮನೆಗಳಿಗೆ, ಜಾತ್ರೆಗಳಿಗೆ ಗ್ಯಾಸ್ ಲೈಟುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ರಾತ್ರಿಯೆಲ್ಲ ದೀಪ ಕಾದು ಬಂದು ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗ ಅಂದು ಎಚ್ಚರವಾಗಿದ್ದ.

"ಮೇಷ್ಟ್ರೇ, ಅದು ಬೆಟ್ಟದ ನೆತ್ತಿಗೆ ಹತ್ತಿ ಆಕಡೆ ಇಳಿದು ಬಂದಿದ್ರೆ, ತಪ್ಪಲಿಗೆ ಬರೋ ಹೊತ್ತಿಗೆ ವೇಗ ಜಾಸ್ತಿ ಇರಬೇಕಲ್ವಾ? 28ರ ಎತ್ತರದಿಂದ ಉರುಳಿದ ಕಲ್ಲಿಗೆ 28ರ ರಭಸ ಇರಬೇಕು. ನಾಲ್ಕೇ ಯಾಕೆ? ಮಿಕ್ಕಿದ್ದು ಎಲ್ಲಿಗೆ ಹೋಯ್ತು?"

ತರಗತಿ ಮೌನವಾಯಿತು. ನಾನು ಹಲಗೆಯ ಕಡೆ ತಿರುಗಿದೆ. ಎಂ.ಎಸ್ಸಿ. ಓದುವಾಗ ಈ ವಿಷಯದ ಸಮೀಕರಣಗಳನ್ನೆಲ್ಲ ಬಾಯಿಪಾಠ ಮಾಡಿ ಒಳ್ಳೆಯ ಅಂಕ ಪಡೆದವನು ನಾನು. ಆದರೆ ಆ ಸಮೀಕರಣಗಳು ಹೇಳುವುದೇನೆಂದು ಒಮ್ಮೆಯೂ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲವೆಂದೂ ನನ್ನ ಮಾತಿನಲ್ಲಿಯೇ ತಪ್ಪಿದೆಯೆಂದೂ ಆ ಕ್ಷಣದಲ್ಲಿಯೇ ತಿಳಿಯಿತು. ತಿಳಿದೂ ನಾನಾಡಿದ ಮಾತು ಇದು: "ಅದೆಲ್ಲ ಪರೀಕ್ಷೆಗೆ ಬರುವುದಿಲ್ಲ. ಕುಳಿತುಕೋ."

ಅವನು ಕುಳಿತ. ಉಳಿದವರು ನಕ್ಕರು. ಆಮೇಲೆ ಅವನು ನನ್ನ ತರಗತಿಯಲ್ಲಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಆ ವರ್ಷ ಅವನ ತಂದೆ ತೀರಿಕೊಂಡರು. ಹುಡುಗ ಓದು ಬಿಟ್ಟು ದೀಪದ ಅಂಗಡಿಯಲ್ಲಿ ಕುಳಿತ. ನನ್ನ ಮಾತಿನಿಂದಲೇ ಅವನು ಓದು ಬಿಟ್ಟನೆಂದು ಹೇಳಲಾರೆ. ಮನೆಯ ಭಾರ ಬಿದ್ದಿತ್ತು. ಆದರೆ ಒಂದು ಬಾಗಿಲನ್ನು ನಾನೂ ಮುಚ್ಚಿದ್ದೆನೆಂಬುದು ನಿಜ.

ಮರುಬೇಸಿಗೆಯಲ್ಲಿ ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿದ್ದಾಗ ಗ್ರಂಥಾಲಯದಲ್ಲಿ ಕುಳಿತು ಈ ವಿಷಯವನ್ನು ಮೊದಲಿನಿಂದ ಓದಿದೆ. ಆಗ ನನಗೆ ತಿಳಿದ ಮೊದಲ ಸಂಗತಿಯೆಂದರೆ, ನಮ್ಮ ಹಳ್ಳಿಯ ಹುಡುಗ ಕೇಳಿದ ಪ್ರಶ್ನೆಯು ಜಗತ್ತಿನ ಅತಿದೊಡ್ಡ ವಿಜ್ಞಾನಿಗಳ ನಿದ್ರೆ ಕೆಡಿಸಿದ್ದ ಪ್ರಶ್ನೆಯೇ ಆಗಿತ್ತು ಎಂಬುದು.

ಪರಮಾಣುವಿಗೆ ಬೀಜವಿದೆಯೆಂದು ತೋರಿಸಿಕೊಟ್ಟ ಅರ್ನೆಸ್ಟ್ ರುದರ್‌ಫೋರ್ಡ್ ಅವರು 1927ರಲ್ಲಿ ಇದೇ ಒಗಟನ್ನು ವಿದ್ವಾಂಸರ ಮುಂದಿಟ್ಟಿದ್ದರು. ಸುಮಾರು 8.8 ಮಾನ ಶಕ್ತಿಯ ಆಲ್ಫಾ ಕಣಗಳನ್ನು ಹೊರಗಿನಿಂದ ಯುರೇನಿಯಂ ಬೀಜದತ್ತ ಕಳುಹಿಸಿದರೆ ಅವು ಬೆಟ್ಟವನ್ನೇರಲಾರದೆ ಹಿಂದಿರುಗುತ್ತವೆ. ಅಂದರೆ ಬೆಟ್ಟ ಅದಕ್ಕಿಂತಲೂ ಎತ್ತರವಾಗಿದೆ. ಆದರೆ ಅದೇ ಯುರೇನಿಯಂ ಒಳಗಿನಿಂದ ಬರುವ ಕಣಗಳ ಶಕ್ತಿ ಅದರ ಅರ್ಧಕ್ಕೂ ಕಡಿಮೆ! ಬಲಶಾಲಿಯು ಒಳಗೆ ಹೋಗಲಾರದ ಕೋಟೆಯಿಂದ ದುರ್ಬಲನು ಹೊರಬರುವುದು ಹೇಗೆ? ಕಣವು ಎರಡು ಎಲೆಕ್ಟ್ರಾನುಗಳನ್ನು ಜೊತೆಗಿಟ್ಟುಕೊಂಡು, ವಿದ್ಯುತ್ತಿಲ್ಲದ ವೇಷದಲ್ಲಿ ಬೆಟ್ಟದ ಕಾಟ ತಪ್ಪಿಸಿಕೊಂಡು ಬರುತ್ತದೆ, ಆಮೇಲೆ ಅವನ್ನು ಹಿಂದಕ್ಕೆ ಕಳುಹಿಸುತ್ತದೆ ಎಂದು ರುದರ್‌ಫೋರ್ಡ್ ಊಹಿಸಿದರು. ಆ ಊಹೆ ನಿಲ್ಲಲಿಲ್ಲ. ಅಂತಹ ಮಹನೀಯರೂ ತಪ್ಪಿದರಲ್ಲ ಎಂದು ಓದಿ ನನಗೆ ಸಮಾಧಾನವಾಗಲಿಲ್ಲ, ನಾಚಿಕೆಯೇ ಹೆಚ್ಚಾಯಿತು. ಅವರು ಪ್ರಶ್ನೆಯನ್ನು ಕೂರಿಸಿರಲಿಲ್ಲ, ಎಲ್ಲರ ಮುಂದೆ ಎತ್ತಿ ನಿಲ್ಲಿಸಿದ್ದರು.

ಉತ್ತರ ಬಂದುದು ಮರುವರ್ಷ, 1928ರ ಬೇಸಿಗೆಯಲ್ಲಿ. ಲೆನಿನ್‌ಗ್ರಾಡಿನಿಂದ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ 24 ವರ್ಷದ ತರುಣ ಜಾರ್ಜ್ ಗ್ಯಾಮೊ, ಅಲ್ಲಿನ ಗ್ರಂಥಾಲಯದಲ್ಲಿ ರುದರ್‌ಫೋರ್ಡರ ಬರಹವನ್ನು ಓದಿದರು. ಆಗತಾನೇ ಹುಟ್ಟಿದ್ದ ಕ್ವಾಂಟಂ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿದೆಯೆಂದು ಅವರಿಗೆ ಹೊಳೆಯಿತು. ಅದೇ ವರ್ಷ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್ ಎಂಬ ಇಬ್ಬರು ಬೇರೆಯಾಗಿಯೇ ಅದೇ ಉತ್ತರವನ್ನು ಕಂಡುಕೊಂಡರು. ಕಣವು ಬೆಟ್ಟವನ್ನು ಹತ್ತುವುದೇ ಇಲ್ಲ. ಹತ್ತದೆಯೇ ದಾಟುತ್ತದೆ ಎಂಬುದು ಆ ಉತ್ತರ.

ಉತ್ತರ ನನಗೆ ದೊರೆಯಿತು. ಮುಂದಿನ ಎಲ್ಲ ತಂಡಗಳಿಗೂ ಅದನ್ನು ಮನಸ್ಸಿಟ್ಟು ಹೇಳಿದೆ. ಆದರೆ ಪ್ರಶ್ನೆ ಕೇಳಿದವನಿಗೆ ಮಾತ್ರ ಹೇಳಲಿಲ್ಲ. ಸಂತೆಯ ದಿನ ಅವನ ಅಂಗಡಿಯ ಮುಂದೆ ಹಾದುಹೋಗುವಾಗ ನಾನು ಎದುರು ಬದಿಯಲ್ಲಿ ನಡೆಯುತ್ತಿದ್ದೆ. ಅಧ್ಯಾಪಕನ ಬಿಗುಮಾನವೂ ಒಂದು ಬೆಟ್ಟವೇ. ಅದನ್ನು ಹತ್ತುವುದು ಸುಲಭವಲ್ಲ.

ಮೊಮ್ಮಗಳ ನಾಮಕರಣ ಬಂತು. ಅಂಗಳಕ್ಕೆ ಶಾಮಿಯಾನ ಬೇಕಾಗಿತ್ತು. ಬೇರೆ ಯಾರನ್ನಾದರೂ ಕಳುಹಿಸಬಹುದಾಗಿತ್ತು. ಆದರೆ ಈ ಬಾರಿ ನಾನೇ ಹೊರಟೆ. ದೀಪದ ಅಂಗಡಿ ಈಗ ಶಾಮಿಯಾನದ ಅಂಗಡಿಯಾಗಿದೆ. ಕುರ್ಚಿಗಳ ಸಾಲು, ದೊಡ್ಡ ಪಾತ್ರೆಗಳು, ಎರಡು ಜನರೇಟರುಗಳು. ಅವನ ತಲೆಯೂ ನರೆತಿದೆ. "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಎಂದು ಎದ್ದು ಕುರ್ಚಿ ಹಾಕಿ, ಕಾಫಿ ತರಿಸಿದ. ಒಳಗಡೆ ಒಂದು ಮೊಳೆಗೆ ಅವನ ತಂದೆಯ ಕಾಲದ ಗ್ಯಾಸ್ ಲೈಟು ತೂಗುತ್ತಿತ್ತು. ಬಿಳಿಯ ಮ್ಯಾಂಟಲ್ ಕೂಡ ಹಾಗೆಯೇ ಇತ್ತು.

"ಅಪ್ಪಾ, 1984ರಲ್ಲಿ ನೀನೊಂದು ಪ್ರಶ್ನೆ ಕೇಳಿದ್ದೆ..." ಎಂದು ನಾನು ಆರಂಭಿಸುವಷ್ಟರಲ್ಲಿ ಅವನು ನಕ್ಕ. "ಪರೀಕ್ಷೆಗೆ ಬರಲ್ಲ ಅಂದಿದ್ರಿ."

ಅವನು ಮರೆತಿರಲಿಲ್ಲ. ನನ್ನ ಕೈಯಲ್ಲಿದ್ದ ಲೋಟ ಅಲುಗಿತು. ಕ್ಷಮೆ ಕೇಳಿದೆ. ಅವನು ಸಂಕೋಚಪಟ್ಟು, "ಅಯ್ಯೋ, ಅದೆಲ್ಲ ಯಾಕೆ ಮೇಷ್ಟ್ರೇ, ಉತ್ತರ ಹೇಳಿ ಸಾಕು" ಎಂದ.

ಉತ್ತರ ಅವನ ಅಂಗಡಿಯಲ್ಲೇ ತೂಗುತ್ತಿತ್ತು. ಗ್ಯಾಸ್ ಲೈಟಿನ ಮ್ಯಾಂಟಲನ್ನು ಈ ರೂಪಕ್ಕೆ ತಂದವರು ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್. 1891ರ ಸುಮಾರಿನ ಮಾತು. ನೂಲಿನ ಬಲೆಯನ್ನು ಥೋರಿಯಂ ಲವಣದಲ್ಲಿ ಅದ್ದಿ, ಅದಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ಸೀರಿಯಂ ಬೆರೆಸುತ್ತಾರೆ. ಮೊದಲ ಸಲ ಹಚ್ಚಿದಾಗ ನೂಲು ಸುಟ್ಟುಹೋಗಿ ಥೋರಿಯಂ ಬೂದಿಯ ಬಲೆಯಷ್ಟೇ ಉಳಿಯುತ್ತದೆ. ಕಾದಾಗ ಹಾಲಿನಂತಹ ಬೆಳಕು ಕೊಡುವುದು ಆ ಬೂದಿಯೇ. ಈ ಥೋರಿಯಂಗಾಗಿಯೇ 1909ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರೊಬ್ಬರು ತಿರುವಾಂಕೂರಿನ ಕಡಲತೀರದ ಮೊನಜೈಟ್ ಮರಳನ್ನು ಹುಡುಕಿ ಹಿಡಿದರು. ದೀಪದ ಬೆಳಕಿಗೂ ವಿಕಿರಣಕ್ಕೂ ಸಂಬಂಧವಿಲ್ಲ. ಆದರೆ ದೀಪ ಆರಿದ ಮೇಲೂ ಆ ಬೂದಿಯಿಂದ ಆಲ್ಫಾ ಕಣಗಳು ಹೊರಡುತ್ತಲೇ ಇರುತ್ತವೆ.

"ನೀನು ಹೇಳಿದ್ದೇ ಸರಿ. ಅದು ಬೆಟ್ಟದ ನೆತ್ತಿಗೆ ಹೋಗಿಯೇ ಇರಲಿಲ್ಲ" ಎಂದೆ. "ಒಳಗಿದ್ದಾಗಲೂ ಅದರ ಶಕ್ತಿ ನಾಲ್ಕೇ, ಹೊರಗೆ ಬಂದಾಗಲೂ ನಾಲ್ಕೇ. ಮಿಕ್ಕಿದ್ದೆಂಬುದು ಇರಲೇ ಇಲ್ಲ."

ಅವನು ಸ್ವಲ್ಪ ಯೋಚಿಸಿ, "ಹುಲಿಕೆರೆ ಸುರಂಗದ ಹಂಗಾ?" ಎಂದ.

ಬಂಧುಗಳಿಗೆ ತಿಳಿದಿರುವಂತೆ, ಕನ್ನಂಬಾಡಿ ಕಟ್ಟೆಯ ನೀರನ್ನು ಮಂಡ್ಯದ ಬಯಲಿಗೆ ಒಯ್ಯುವ ವಿಶ್ವೇಶ್ವರಯ್ಯ ನಾಲೆಗೆ ಹುಲಿಕೆರೆಯ ಬಳಿ ದಿಣ್ಣೆ ಅಡ್ಡಬಂದಿತ್ತು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ ಅಲ್ಲಿ ಮೂರು ಕಿಲೋಮೀಟರಿಗೆ ಹತ್ತಿರದಷ್ಟು ಉದ್ದದ ಸುರಂಗವನ್ನು ಕೊರೆದರು. ನೀರು ದಿಣ್ಣೆಯನ್ನು ಏರುವುದಿಲ್ಲ. ಹೆಚ್ಚುಕಡಿಮೆ ಒಳಹೊಕ್ಕ ಮಟ್ಟದಲ್ಲಿಯೇ ಆಚೆ ಹೊರಡುತ್ತದೆ. ಹೋಲಿಕೆ ಅಲ್ಲಿಯವರೆಗೆ ಬಹಳ ಚೆನ್ನಾಗಿದೆ. ವಿಜ್ಞಾನಿಗಳೂ ಈ ವಿದ್ಯಮಾನಕ್ಕೆ ಕ್ವಾಂಟಂ ಸುರಂಗ ಎಂಬ ಹೆಸರನ್ನೇ ಇಟ್ಟಿದ್ದಾರೆ. ಆದರೆ ಬೀಜದ ಬೆಟ್ಟದಲ್ಲಿ ಯಾರೂ ತೂತು ಕೊರೆದಿಲ್ಲ. ಕಣ ದಾಟುವ ಮೊದಲೂ ಬೆಟ್ಟ ಇಡಿಯಾಗಿದೆ, ದಾಟಿದ ಮೇಲೂ ತೂತಿಲ್ಲ.

ಹಾಗಾದರೆ ದಾಟುವುದು ಹೇಗೆ? ನಾವು ಕಣವನ್ನು ಗೋಲಿಯಂತೆ ಭಾವಿಸುವುದೇ ತೊಡಕಿಗೆ ಕಾರಣ. ಅಷ್ಟು ಸಣ್ಣ ಲೋಕದಲ್ಲಿ ಪ್ರತಿಯೊಂದು ಕಣಕ್ಕೂ ಅಲೆಯ ಗುಣವುಂಟು. ಕಣವು ಎಲ್ಲಿ ದೊರೆಯುವ ಸಂಭವ ಎಷ್ಟೆಂಬುದನ್ನು ಆ ಅಲೆ ಹೇಳುತ್ತದೆ. ಗೋಲಿಯಾದರೆ ಗೋಡೆಗೆ ಬಡಿದು ಹಿಂದಿರುಗುತ್ತದೆ. ಅಲೆಯು ಗೋಡೆಯ ಮುಖದಲ್ಲಿಯೇ ಪೂರ್ತಿಯಾಗಿ ನಿಲ್ಲುವುದಿಲ್ಲ. ಒಳಕ್ಕೆ ಸ್ವಲ್ಪ ಹೊಕ್ಕು ಕ್ಷೀಣಿಸುತ್ತ ಹೋಗುತ್ತದೆ. ಗೋಡೆ ಅನಂತವಾಗಿ ದಪ್ಪವಿಲ್ಲದಿದ್ದರೆ ಆಚೆ ಬದಿಯಲ್ಲಿಯೂ ಅದರ ಅತಿಸೂಕ್ಷ್ಮವಾದ ಅಂಶವೊಂದು ಉಳಿದಿರುತ್ತದೆ. ಆ ಅಂಶವೇ ಕಣವು ಹೊರಗೆ ದೊರೆಯುವ ಸಂಭವ.

ಕ್ಷೀಣಿಸುವ ಲೆಕ್ಕವನ್ನು ತಿಳಿಯಲು ಅವನ ಅಂಗಡಿಯ ಬಟ್ಟೆಯನ್ನೇ ತೆಗೆದುಕೊಂಡೆವು. ಟಾರ್ಚಿನ ಮುಂದೆ ಹಿಡಿದ ಒಂದು ಪದರ ಬಟ್ಟೆ ಬೆಳಕನ್ನು ಅರ್ಧಕ್ಕಿಳಿಸುತ್ತದೆ ಎನ್ನೋಣ. ಎರಡು ಪದರಕ್ಕೆ ಕಾಲುಭಾಗ. ಹತ್ತು ಪದರಕ್ಕೆ ಸಾವಿರದಲ್ಲಿ ಒಂದು ಭಾಗ. ಇಪ್ಪತ್ತಕ್ಕೆ ಹತ್ತು ಲಕ್ಷದಲ್ಲಿ ಒಂದು. ಪದರಗಳು ಎರಡರಷ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಬೆಟ್ಟದ ದಪ್ಪವೂ ಹೀಗೆಯೇ ಕೆಲಸ ಮಾಡುತ್ತದೆ. ಇದು ಲೆಕ್ಕಕ್ಕೆ ಕೊಟ್ಟ ಹೋಲಿಕೆ ಮಾತ್ರ. ಬಟ್ಟೆ ಬೆಳಕನ್ನು ಹೀರುತ್ತದೆ, ಬೆಟ್ಟ ಕಣವನ್ನು ಹೀರುವುದಿಲ್ಲ.

ಗ್ಯಾಮೊ ಅವರ ಗೆಲುವು ಇರುವುದು ಇಲ್ಲಿಯೇ. ಮ್ಯಾಂಟಲಿನ ಥೋರಿಯಂ ಬಿಡುವ ಕಣದ ಶಕ್ತಿ ಸುಮಾರು 4 ಮಾನ. ಒಂದು ಹಿಡಿ ಥೋರಿಯಂನಲ್ಲಿ ಅರ್ಧದಷ್ಟು ಒಡೆಯಲು ಸುಮಾರು 1,400 ಕೋಟಿ ವರ್ಷ ಬೇಕು. ಇದು ವಿಶ್ವದ ವಯಸ್ಸಿಗಿಂತಲೂ ಹೆಚ್ಚು. ಥೋರಿಯಂ ಒಡೆದಮೇಲೆ ಹಂತಹಂತವಾಗಿ ಬೇರೆ ಬೇರೆ ಧಾತುಗಳಾಗುತ್ತ ಕೊನೆಗೆ ಸೀಸವಾಗಿ ನಿಲ್ಲುತ್ತದೆ. ಈ ವಂಶಾವಳಿಯ ಕೊನೆಯ ಭಾಗದಲ್ಲಿ ಪೊಲೋನಿಯಂ-212 ಎಂಬ ಧಾತು ಬರುತ್ತದೆ. ಅದು ಬಿಡುವ ಕಣದ ಶಕ್ತಿ ಸುಮಾರು 8.8 ಮಾನ. ಅದರ ಅರ್ಧದಷ್ಟು ಒಡೆಯಲು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರನೆಯ ಒಂದು ಭಾಗದಷ್ಟು ಸಮಯವೂ ಬೇಡ. ಶಕ್ತಿ ಎರಡರಷ್ಟಕ್ಕಿಂತ ತುಸು ಹೆಚ್ಚಾಯಿತು. ಆಯಸ್ಸಾದರೋ ಒಂದರ ಮುಂದೆ 24 ಸೊನ್ನೆ ಬರೆದಷ್ಟು ಪಾಲು ಕಡಿಮೆಯಾಯಿತು! ಇಂತಹ ಸಂಬಂಧವಿದೆಯೆಂದು ಗೈಗರ್ ಮತ್ತು ನಟಾಲ್ 1911ರಲ್ಲಿಯೇ ಅಳೆದು ತೋರಿಸಿದ್ದರು. ಕಾರಣ ಹೇಳಲು ಯಾರಿಂದಲೂ ಆಗಿರಲಿಲ್ಲ.

ಕಾರಣ ಬೆಟ್ಟದ ಆಕಾರದಲ್ಲಿದೆ. ಬೆಟ್ಟವು ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಥೋರಿಯಂನ ಕಣ ಬುಡದ ಸಮೀಪದಲ್ಲಿ ದಾಟಬೇಕು. ಪೊಲೋನಿಯಂನ ಕಣಕ್ಕೆ ಹೆಚ್ಚು ಎತ್ತರದ ಮಟ್ಟದಲ್ಲಿ ದಾಟಿದರಾಯಿತು. ಅಲ್ಲಿ ಬೆಟ್ಟದ ದಪ್ಪ ಮೂರರಲ್ಲಿ ಒಂದು ಪಾಲು ಮಾತ್ರ. ಪದರಗಳು ಕಡಿಮೆಯಾದೊಡನೆ ಸಂಭವ ಹೇಗೆ ಏರುತ್ತದೆಂಬುದನ್ನು ಬಟ್ಟೆಯ ಲೆಕ್ಕದಲ್ಲಿ ನೋಡಿದ್ದೇವೆ. ಅತಿ ನಿಧಾನವಾದ ಥೋರಿಯಂ, ಅತಿ ಅವಸರದ ಪೊಲೋನಿಯಂ ಎರಡೂ ಒಂದೇ ಮ್ಯಾಂಟಲಿನ ಬಲೆಯಲ್ಲಿವೆ, ಒಂದೇ ನಿಯಮಕ್ಕೆ ಒಳಪಟ್ಟಿವೆ.

"ಒಂದು ಸಲ ಪ್ರಯತ್ನ ಮಾಡಿದ್ರೆ ಆಗುತ್ತಾ?" ಎಂದು ಅವನು ಕೇಳಿದ. ನಾನು ಲೆಕ್ಕ ಹೇಳಿದೆ. ಬೀಜದೊಳಗಿನ ಕಣವು ಒಂದು ಸೆಕೆಂಡಿಗೆ ಒಂದರ ಮುಂದೆ 21 ಸೊನ್ನೆಯಷ್ಟು ಸಲ ಬೆಟ್ಟದ ಬುಡವನ್ನು ಮುಟ್ಟುತ್ತದೆಂದು ಅಂದಾಜು. ಯುರೇನಿಯಂನಲ್ಲಿ ಒಂದು ಸಲ ಮುಟ್ಟಿದಾಗ ಆಚೆ ಹೋಗುವ ಸಂಭವ ಒಂದರ ಮುಂದೆ 38 ಸೊನ್ನೆಯಷ್ಟು ಪ್ರಯತ್ನಗಳಿಗೆ ಒಂದರ ಆಸುಪಾಸು. ಆದ್ದರಿಂದಲೇ ಅದರ ಅರ್ಧಾಯುಷ್ಯ 447 ಕೋಟಿ ವರ್ಷ. ಎಷ್ಟು ಸಲ ಸೋತರೂ ಬೆಟ್ಟ ಸವೆಯುವುದಿಲ್ಲ, ಕಣ ದಣಿಯುವುದಿಲ್ಲ. ಯಾವ ಪರಮಾಣುವಿನ ಸರದಿ ಯಾವಾಗ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಕಾಲು ಗ್ರಾಮ್ ಥೋರಿಯಂನಲ್ಲಿ ಆರುನೂರು ಶತಕೋಟಿ ಶತಕೋಟಿಗೂ ಹೆಚ್ಚು ಪರಮಾಣುಗಳಿರುವುದರಿಂದ, ಸೆಕೆಂಡಿಗೆ ಸುಮಾರು ಒಂದು ಸಾವಿರ ಕಣಗಳು ಅದರಿಂದ ಹೊರಬರುತ್ತವೆ.

ಅವನು ಮೊಳೆಗೆ ತೂಗುತ್ತಿದ್ದ ದೀಪದ ಕಡೆಗೇ ನೋಡುತ್ತಿದ್ದ. "ಅಪ್ಪ ಹೋಗಿ ಇಷ್ಟು ವರ್ಷ ಆಯ್ತು. ಇದು ಸುಮ್ನೆ ಇದೆ ಅಂದ್ಕೊಂಡಿದ್ದೆ" ಎಂದ.

ಮನೆಯಲ್ಲಿ ಹಳೆಯ ಮ್ಯಾಂಟಲುಗಳಿರುವ ಬಂಧುಗಳು ಗಾಬರಿಪಡಬೇಕಾಗಿಲ್ಲ. ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ನಮ್ಮ ಚರ್ಮವೂ ತಡೆಯುತ್ತದೆ. ಆದರೆ ಮ್ಯಾಂಟಲಿನ ಬೂದಿ ಉಸಿರಿನ ಮೂಲಕವಾಗಲಿ ಆಹಾರದ ಮೂಲಕವಾಗಲಿ ದೇಹದೊಳಗೆ ಹೋಗಬಾರದು. ಮುರಿದ ಮ್ಯಾಂಟಲನ್ನು ಮಕ್ಕಳ ಕೈಗೆ ಕೊಡದಿರುವುದು, ಮುಟ್ಟಿದ ಮೇಲೆ ಕೈ ತೊಳೆಯುವುದು ಕ್ಷೇಮ. ಈಚೆಗೆ ಹಲವು ತಯಾರಕರು ಥೋರಿಯಂಗೆ ಬದಲಾಗಿ ಇಟ್ರಿಯಂ ಎಂಬ ಧಾತುವನ್ನು ಬಳಸುತ್ತಾರೆ.

ಇದನ್ನು ತಿಳಿದು ಆಗುವ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. ಯುರೇನಿಯಂ ಎಷ್ಟು ನಿಧಾನವಾಗಿ ಸೀಸವಾಗುತ್ತದೆಂದು ತಿಳಿದಿರುವುದರಿಂದಲೇ ಭೂವಿಜ್ಞಾನಿಗಳು ಬಂಡೆಗಳ ವಯಸ್ಸನ್ನು ಹೇಳಬಲ್ಲರು. ನಮ್ಮ ಹಳೆಯ ಮೈಸೂರು ಸೀಮೆಯ ತಳದಲ್ಲಿರುವ ನೈಸ್ ಶಿಲೆಗಳಲ್ಲಿ ಕೆಲವಕ್ಕೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಸೂರ್ಯನ ಒಡಲಿನಲ್ಲಿ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ಅಲ್ಲಿನ ಹೈಡ್ರೋಜನ್ ಬೀಜಗಳಿಗೆ ಒಂದನ್ನೊಂದು ಸೇರುವಷ್ಟು ಶಕ್ತಿಯಿಲ್ಲ. ಅವು ಹೊರಗಿನಿಂದ ಬೆಟ್ಟ ದಾಟಿ ಕೂಡುತ್ತವೆ. ಈ ದಾರಿಯನ್ನು 1929ರಲ್ಲಿ ಆಟ್ಕಿನ್ಸನ್ ಮತ್ತು ಹೌಟರ್‌ಮನ್ಸ್ ತೋರಿಸಿದರು. ನಮ್ಮ ರಾಗಿಯ ತೆನೆಗೆ ಬೀಳುವ ಬಿಸಿಲು ಹತ್ತದೆ ದಾಟಿದ ಬೆಟ್ಟದ ಫಲವೇ ಆಗಿದೆ.

ಮಾತು ಮುಗಿಯುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಶಾಮಿಯಾನದ ಮುಂಗಡವೆಂದು ಕೊಟ್ಟ ಹಣವನ್ನು ಅವನು ಮೊದಲು ಬೇಡವೆಂದ. ಕಾಯಕದ ಹಣವನ್ನು ಬಿಡಬಾರದೆಂದು ನಾನು ಒತ್ತಾಯಿಸಿದ ಮೇಲೆ ತೆಗೆದುಕೊಂಡ. ಬೀಳ್ಕೊಡುವಾಗ, "ಮಗಳು ಪಿ.ಯು.ಸಿ. ಓದ್ತಾ ಇದಾಳೆ ಮೇಷ್ಟ್ರೇ. ರಾತ್ರಿ ಅವಳಿಗೆ ನಾನೇ ಹೇಳ್ತೀನಿ" ಎಂದ.

ನಾಮಕರಣದ ದಿನ ಆ ಹುಡುಗಿ ತಂದೆಯ ಜೊತೆಗೆ ಬಂದಳು. ಕುರ್ಚಿಗಳನ್ನು ಹಾಕುವ ನಡುವೆಯೇ ನನ್ನ ಬಳಿ ನಿಂತು, "ತಾತ, ಬೆಟ್ಟದ ಒಳಗಿರುವಾಗ ಆ ಕಣಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?" ಎಂದು ಕೇಳಿದಳು. ಅದು ಇಂದಿಗೂ ವಿಜ್ಞಾನಿಗಳು ಚರ್ಚಿಸುತ್ತಿರುವ ಪ್ರಶ್ನೆ. ನನಗೆ ಗೊತ್ತಿಲ್ಲವೆಂದು ಅವಳಿಗೆ ಹೇಳಿದೆ. ಇಬ್ಬರೂ ಕೂಡಿ ಓದೋಣ, ಭಾನುವಾರ ಬಾ ಎಂದೆ.

'ನನಗೆ ಗೊತ್ತಿಲ್ಲ' ಎಂಬ ಆ ಎರಡು ಪದಗಳನ್ನು 1984ರಲ್ಲಿಯೇ ಆಡಿದ್ದರೆ ಸಾಕಾಗಿತ್ತು. ಬಂಧುಗಳು ತಮ್ಮ ಮನೆಯ ಮಕ್ಕಳು ಪ್ರಶ್ನೆ ಕೇಳಿದಾಗ ಉತ್ತರ ತಿಳಿಯದಿದ್ದರೆ ನಾಚಬೇಕಾಗಿಲ್ಲ. ಮಗುವನ್ನು ಕುಳಿತುಕೋ ಎನ್ನದಿದ್ದರಾಯಿತು.